ನಾವು ಎಡವೋ, ಬಲವೋ?

ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಜನರಲ್ಲಿ ವಾದವೆದ್ದಿತು: ಕ್ರೈಸ್ತರು ಎಡವೋ, ಬಲವೋ? 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋರವರ ‘ರೇರುಮ್ ನೋವಾರುಮ್’ ವಿಶ್ವಪತ್ರ ನ್ಯಾಯವಾದ ಕೂಲಿಯನ್ನೂ ಕಾರ್ಮಿಕ ಸಂಘಗಳನ್ನೂ ಎತ್ತಿಹಿಡಿಯಿತು. ಸಮಾಜವಾದವನ್ನು ಮಾತ್ರ ಒಪ್ಪಲಿಲ್ಲ. ಇಬ್ಬರೂ ತಮಗೆ ಬೇಕಾದ ಅರ್ಧವನ್ನೇ ಓದುತ್ತಾರೆ.

ಗರ್ಭದಲ್ಲಿರುವ ಶಿಶುವಿಗಾಗಿ ಪ್ರಾರ್ಥಿಸುವ ನಾವು, ಗದ್ವಾಲದ ಹತ್ತಿಬೀಜದ ಹೊಲದಲ್ಲಿ ಶಾಲೆ ಬಿಟ್ಟು ಕ್ರಾಸಿಂಗ್ ಮಾಡುವ ಮಗುವಿಗಾಗಿ ಬಾಯಿ ಬಿಡುವುದಿಲ್ಲ.

ಇನ್ನು ಮೀಸಲಾತಿ. 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಸ್ಥಾನ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ದೊರಕಿತು. ದಲಿತ ಕ್ರೈಸ್ತರಿಗೆ ಯಾವ ಪಕ್ಷದ ಸರ್ಕಾರವೂ ಕೊಡಲಿಲ್ಲ. ಮಕ್ತಲ್, ನಾರಾಯಣಪೇಟೆಯಲ್ಲಿ ಮತ ಕೇಳಲು ಬರುವವರನ್ನು ಇದನ್ನೇ ಕೇಳೋಣ. ಆದರೆ ಮದುವೆ ಮಾತು ಬಂದಾಗ ನಮ್ಮ ಮನೆಗಳಲ್ಲೂ ಮೊದಲು ಜಾತಿ ಕೇಳುತ್ತೇವಲ್ಲ, ಅದಕ್ಕೆ ಯಾವ ಪಕ್ಷವನ್ನು ದೂರೋಣ?