ಹಣೆಬರಹವೋ, ಋಣವೋ: ಕಟ್ಟಡದ ಕೆಲಸದಲ್ಲಿ ಗಾಯಗೊಂಡವರ ಹಕ್ಕು

ಸಾರುವೆ ಮುರಿದು, ಸೆಂಟ್ರಿಂಗ್ ಕುಸಿದು, ಪಾಯದ ಮಣ್ಣು ಜರಿದು ಕಟ್ಟಡ ಕಾರ್ಮಿಕರು ಗಾಯಗೊಂಡಾಗ ಸುತ್ತಲಿನವರು ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಒಂದು, ಅವನ ಹಣೆಬರಹ. ಇನ್ನೊಂದು, ಅವನೇ ಸರಿಯಾಗಿ ನೋಡಿಕೊಳ್ಳಲಿಲ್ಲ. ಮೊದಲನೆಯದು ಹೊಣೆಯನ್ನು ದೇವರಿಗೆ ಬಿಡುತ್ತದೆ, ಎರಡನೆಯದು ಬಿದ್ದವನ ತಲೆಗೇ ಕಟ್ಟುತ್ತದೆ. ಕೆಲಸ ಮಾಡಿಸುತ್ತಿದ್ದವರು ಎರಡರಲ್ಲೂ ಇಲ್ಲ. ಗಾಯಗೊಂಡವನಿಗೆ ಯಾರು ಏನು ಕೊಡಬೇಕು ಎಂಬುದು ನ್ಯಾಯಾಲಯಕ್ಕೆ ಹೋಗುವ ಮುಂಚೆಯೇ ಧರ್ಮದ ಪ್ರಶ್ನೆಯಾಗಿರುತ್ತದೆ. ಭಾರತದ ಕಾನೂನು ಅದಕ್ಕೆ ಕೊಟ್ಟಿರುವ ಉತ್ತರ ಸಾಮಾನ್ಯ ತಿಳಿವಳಿಕೆಗಿಂತ ಬಹಳ ಮುಂದಿದೆ.

ಈ ಪ್ರಶ್ನೆ ಹಳೆಯದು, ಆದರೆ ಕೂಲಿಯವನು ಅದರೊಳಗೆ ಬಂದದ್ದು ತೀರ ಈಚೆಗೆ. ಕ್ರಿಸ್ತಪೂರ್ವ 18ನೆಯ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ ಮನೆ ಕುಸಿದು ಒಡೆಯ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಒಡೆಯನ ಮಗ ಸತ್ತರೆ ಕಟ್ಟಿದವನ ಮಗನಿಗೆ. ಗುಲಾಮ ಸತ್ತರೆ ಬದಲಿಗೆ ಇನ್ನೊಬ್ಬ ಗುಲಾಮ. ಗೋಡೆ ಏಳುತ್ತಿರುವಾಗ ಅದು ಕಟ್ಟುವವನ ಮೇಲೆಯೇ ಬಿದ್ದರೆ ಏನು ಗತಿ ಎಂಬುದನ್ನು ಈ ಕಲಮುಗಳು ಎತ್ತುವುದಿಲ್ಲ. ಯೆಹೂದ್ಯರ ಧರ್ಮಗ್ರಂಥದ ಧರ್ಮೋಪದೇಶಕಾಂಡ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಮನೆಯ ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕು, ಇಲ್ಲದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಗೆ ತಟ್ಟುತ್ತದೆ ಎಂದು ವಿಧಿಸುತ್ತದೆ. ಬೀಳುವವನು ಯಾರು ಎಂದು ಅದು ಕೇಳುವುದಿಲ್ಲ. ಬೀಳುವ ಜಾಗವನ್ನು ಹಾಗೆಯೇ ಬಿಟ್ಟವನದು ತಪ್ಪು ಎಂಬ ಆ ವಿಚಾರ ಇಂದಿನ ಸುರಕ್ಷತಾ ನಿಯಮಗಳಲ್ಲೂ ಇದೆ.

ಭಾರತದಲ್ಲಿ ಹೊಣೆಯ ಮಾತಿಗೆ ಎದುರು ನಿಲ್ಲುವುದು ಕರ್ಮದ ಮಾತು. ಕರ್ಮಸಿದ್ಧಾಂತವನ್ನು ಹುಟ್ಟುಹಾಕಿ ಬೆಳೆಸಿದ ಪರಂಪರೆಗಳೇ ಅದನ್ನು ಹೀಗೆ ಬಳಸಲು ಒಪ್ಪುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಕಂಡು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದ ಫಲವೆಂದು ಕೆಲವರು ಹೇಳುತ್ತಾರಲ್ಲ ಎಂದು ಕೇಳುತ್ತಾನೆ. ಬುದ್ಧ ಅದನ್ನು ತಳ್ಳಿಹಾಕಿ ವೇದನೆಗೆ ಎಂಟು ಕಾರಣ ಹೇಳುತ್ತಾನೆ: ಪಿತ್ತ, ಕಫ, ವಾತ, ಈ ಮೂರರ ಸನ್ನಿಪಾತ, ಋತುವಿನ ಬದಲಾವಣೆ, ಅಜಾಗರೂಕತೆ, ಪರರ ಹಲ್ಲೆ, ಕರ್ಮ. ಕರ್ಮ ಎಂಟರಲ್ಲಿ ಒಂದು ಮಾತ್ರ. ಎಲ್ಲವನ್ನೂ ಅದರ ಮೇಲೆ ಹೊರಿಸುವುದು ಕಣ್ಣಾರೆ ಕಂಡ ಸತ್ಯವನ್ನು ಮೀರಿ ಮಾತಾಡಿದಂತೆ ಎಂಬುದು ಆ ಸೂತ್ರದ ತೀರ್ಮಾನ. ಭಗವದ್ಗೀತೆಯ 18ನೆಯ ಅಧ್ಯಾಯವೂ ಯಾವುದೇ ಕಾರ್ಯಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸುತ್ತದೆ. ದೈವ ಬರುವುದು ಐದನೆಯದಾಗಿ. ವ್ಯಾಖ್ಯಾನಕಾರರು ಈ ಪದಗಳಿಗೆ ಹೇಳುವ ಸೂಕ್ಷ್ಮ ಅರ್ಥಗಳು ಬೇರೆ. ಆದರೂ ಮೊದಲ ನಾಲ್ಕನ್ನು ಹಾರಿ ಐದನೆಯದಕ್ಕೆ ಕೈಹಾಕಲು ಈ ಎಣಿಕೆಯಲ್ಲಿ ಆಧಾರವಿಲ್ಲ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಕುಸಿದು ಕಾರ್ಮಿಕರು ಸತ್ತರು. ಅನುಮತಿಗಿಂತ ಹೆಚ್ಚು ಮಹಡಿ ಎಬ್ಬಿಸಲಾಗಿತ್ತೆಂದು ಆಗ ಅಧಿಕಾರಿಗಳು ಹೇಳಿದರು. ಮಳೆ ದೈವವೇ ಇರಬಹುದು, ಮಹಡಿಗಳು ದೈವವಲ್ಲ.

ಹಣೆಬರಹದ ಮಾತನ್ನು ಬದಿಗಿಟ್ಟರೂ ತಪ್ಪು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. 19ನೆಯ ಶತಮಾನದ ಇಂಗ್ಲಿಷ್ ನ್ಯಾಯಾಲಯಗಳು ಈ ಪ್ರಶ್ನೆಯನ್ನೇ ಹಿಡಿದುಕೊಂಡು ಕೂಲಿಯವನನ್ನು ಬರಿಗೈಯಲ್ಲಿ ಕಳಿಸಿದವು. 1837ರ ಪ್ರೀಸ್ಟ್ಲಿ ಮೊಕದ್ದಮೆಯಲ್ಲಿ ಕಟುಕನೊಬ್ಬನ ಆಳು ಭಾರ ಹೆಚ್ಚಾಗಿ ಮುರಿದ ಗಾಡಿಯಿಂದ ಬಿದ್ದು ತೊಡೆ ಮುರಿದುಕೊಂಡಿದ್ದ; ಧಣಿ ಹೊಣೆಯಲ್ಲ ಎಂದಾಯಿತು. ಜೊತೆಗೆಲಸದವನ ತಪ್ಪಿನಿಂದ ಆದ ಗಾಯಕ್ಕೆ ಧಣಿ ಉತ್ತರ ಕೊಡಬೇಕಿಲ್ಲ ಎಂಬ ಸೂತ್ರ ಅದರಿಂದ ಬೆಳೆಯಿತು. 1842ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ ಕೈ ಕಳೆದುಕೊಂಡ ರೈಲು ಚಾಲಕನ ದಾವೆಯನ್ನು ತಿರಸ್ಕರಿಸುತ್ತ ಇದಕ್ಕೊಂದು ತಾತ್ವಿಕ ಸಮರ್ಥನೆ ಕೊಟ್ಟ: ಅಪಾಯದ ಕೆಲಸಕ್ಕೆ ಕೂಲಿ ಹೆಚ್ಚು, ಆ ಹೆಚ್ಚಳದಲ್ಲೇ ಅಪಾಯದ ಬೆಲೆ ಸಂದಿದೆ, ಒಪ್ಪಿ ಬಂದವನು ಆಮೇಲೆ ದೂರುವಂತಿಲ್ಲ.

ಈ ವಾದ ಇಂದಿಗೂ ಸತ್ತಿಲ್ಲ. ಹತ್ತನೇ ಮಹಡಿಯಲ್ಲಿ ಬೆಲ್ಟ್ ಇಲ್ಲದೆ ನಿಲ್ಲುವವನಿಗೆ ಅಪಾಯ ಗೊತ್ತಿತ್ತು, ಬೇಡವಾಗಿದ್ದರೆ ಬಿಡಬಹುದಿತ್ತು ಎಂದು ಈಗಲೂ ಹೇಳುವವರಿದ್ದಾರೆ. ಅದಕ್ಕೆ ಸರಿಯಾದ ಉತ್ತರ ಬಂದದ್ದು 1891ರಲ್ಲಿ, ಅದೂ ಕಟ್ಟುವ ಕೆಲಸದ ಜಾಗದಿಂದಲೇ. ರೈಲು ದಾರಿಗಾಗಿ ಬಂಡೆ ಕೊರೆಯುತ್ತಿದ್ದ ಕಾರ್ಮಿಕನ ತಲೆಯ ಮೇಲೆ ಕ್ರೇನ್ ಕಲ್ಲು ಸಾಗಿಸುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಒಂದು ದಿನ ಕಲ್ಲು ಬಿತ್ತು. ಸ್ಮಿತ್ ವಿರುದ್ಧ ಬೇಕರ್ ಎಂಬ ಆ ಮೊಕದ್ದಮೆಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಅಪಾಯ ತಿಳಿದಿರುವುದು ಬೇರೆ, ಅಪಾಯಕ್ಕೆ ಒಪ್ಪಿಗೆ ಕೊಡುವುದು ಬೇರೆ ಎಂದಿತು. ಸಂಜೆಯ ಬಟವಾಡೆಯಿಂದ ಮನೆಯ ಒಲೆ ಉರಿಯಬೇಕಾದವನು ಕೆಲಸಕ್ಕೆ ಬಂದ ಮಾತ್ರಕ್ಕೆ ತನ್ನ ಕೈಕಾಲನ್ನು ಪಣಕ್ಕಿಟ್ಟ ಎಂದು ಹೇಳುವುದು ಅನ್ಯಾಯ.

ಮುಂದಿನ ಹೆಜ್ಜೆ ಇದಕ್ಕಿಂತ ದೊಡ್ಡದು: ತಪ್ಪಿನ ಪ್ರಶ್ನೆಯನ್ನೇ ಕೈಬಿಡುವುದು. ಜರ್ಮನಿ 1884ರಲ್ಲಿ, ಬ್ರಿಟನ್ 1897ರಲ್ಲಿ ಆ ಹೆಜ್ಜೆ ಇಟ್ಟವು. ಭಾರತದಲ್ಲಿ 1923ರ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮ ಬಂದು 1924ರ ಜುಲೈ 1ರಿಂದ ಜಾರಿಯಾಯಿತು. ಈಗ ಅದರ ಜಾಗದಲ್ಲಿ ಹೊಸ ಸಂಹಿತೆ ಬಂದಿದೆ; ಇಲ್ಲಿ ಹೇಳುವ ಅಧಿನಿಯಮದ ಕಲಮು ಸಂಖ್ಯೆಗಳು ಹಳೆಯ ಕಾನೂನಿನವು. ಅದರ 3ನೆಯ ಕಲಮಿನ ಪ್ರಕಾರ ಕೆಲಸದಿಂದ ಉದ್ಭವಿಸಿ ಕೆಲಸದ ಅವಧಿಯಲ್ಲಿ ನಡೆದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕು. ಮಾಲೀಕನ ತಪ್ಪನ್ನು ಕಾರ್ಮಿಕ ರುಜುವಾತು ಮಾಡಬೇಕಿಲ್ಲ. ತಪ್ಪೇ ಮಾಡದವನು ಯಾಕೆ ಕೊಡಬೇಕು? ಅರಿಸ್ಟಾಟಲ್ ವಿವರಿಸಿದ ಸರಿಪಡಿಸುವ ನ್ಯಾಯದಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ, ಏಕೆಂದರೆ ಅಲ್ಲಿ ಒಬ್ಬ ಕೆಡಿಸಿದ್ದನ್ನು ಅವನೇ ತುಂಬಿಕೊಡಬೇಕು. ಭಾರತೀಯರಿಗೆ ಪರಿಚಿತವಾದ ಋಣದ ಕಲ್ಪನೆಯಲ್ಲಿ ಉತ್ತರ ಹತ್ತಿರವೇ ಇದೆ. ಶತಪಥ ಬ್ರಾಹ್ಮಣವೆಂಬ ವೈದಿಕ ಗ್ರಂಥ, ಮನುಷ್ಯ ಹುಟ್ಟುತ್ತಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿ ಎನ್ನುವುದರ ಜೊತೆಗೆ ಮನುಷ್ಯರಿಗೂ ಋಣಿ ಎನ್ನುತ್ತದೆ. ಋಣಿಯಾಗಲು ತಪ್ಪು ಮಾಡಿರಬೇಕಿಲ್ಲ, ಪಡೆದಿದ್ದರೆ ಸಾಕು. ಇನ್ನೊಬ್ಬನ ದುಡಿಮೆಯಿಂದ ಕಟ್ಟಡವನ್ನೂ ಲಾಭವನ್ನೂ ಪಡೆದವನು ಆ ದುಡಿಮೆಯಲ್ಲಿ ಮುರಿದ ದೇಹಕ್ಕೂ ಋಣಿ. ದಾನ ಕೊಡುವವನ ಮನಸ್ಸಿಗೆ ಬಿಟ್ಟದ್ದು, ಋಣ ಹಾಗಲ್ಲ. ಪರಿಹಾರವನ್ನು ಮಾನವೀಯತೆಯಿಂದ ಕೊಟ್ಟೆವು ಎಂದು ಹೇಳಿಕೊಳ್ಳುವ ಮಾಲೀಕರು ಋಣವನ್ನು ದಾನವೆಂದು ಕರೆಯುತ್ತಿದ್ದಾರೆ.

ಅಧಿನಿಯಮದ ವಿನಾಯಿತಿಗಳನ್ನು ಈ ಬೆಳಕಿನಲ್ಲಿ ಓದಬೇಕು. ಮೂರು ದಿನಕ್ಕಿಂತ ಹೆಚ್ಚು ಕಾಲ ಕೆಲಸ ತಪ್ಪಿಸದ ಗಾಯಕ್ಕೆ ಪರಿಹಾರವಿಲ್ಲ. ಕುಡಿದಿದ್ದರೆ, ಬೇಕೆಂದೇ ಸುರಕ್ಷತಾ ನಿಯಮ ಮುರಿದಿದ್ದರೆ, ಕಾಪು ಸಾಧನ ಕಿತ್ತೆಸೆದಿದ್ದರೆ ಪರಿಹಾರ ನಿರಾಕರಿಸಬಹುದು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಈ ಆಕ್ಷೇಪಗಳು ನಡೆಯುವುದಿಲ್ಲ. ಹೆಲ್ಮೆಟ್ ಬಿಸಾಡಿ ಹೋದವನು ಸತ್ತರೂ ಅವನ ಹೆಂಡತಿ ಮಕ್ಕಳಿಗೆ ಹಣ ಸಲ್ಲಬೇಕು. ನಷ್ಟ ಅಷ್ಟು ದೊಡ್ಡದಾದಾಗ ಯೋಗ್ಯತೆಯ ಲೆಕ್ಕ ಹಾಕುವುದನ್ನು ಕಾನೂನು ನಿಲ್ಲಿಸುತ್ತದೆ. ಧರ್ಮದ ಕಣ್ಣಿನಿಂದ ನೋಡಿದರೆ ಇಡೀ ಅಧಿನಿಯಮದಲ್ಲಿ ಇದೇ ಅತ್ಯಂತ ಎತ್ತರದ ಮಾತು.

ಅತ್ಯಂತ ಕಷ್ಟದ ಮಾತು ಅನುಸೂಚಿಯಲ್ಲಿದೆ. ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 14 ನಷ್ಟ, ಹೆಬ್ಬೆರಳಿಗೆ ಶೇ 30, ಒಂದು ಕೈಗೆ ಶೇ 60, ಎರಡೂ ಕೈಗೆ ಶೇ 100. ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಕೂಲಿಯ ಶೇ 60ನ್ನು, ಸಾವಿಗೆ ಶೇ 50ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷದವರಿಗೆ ಆ ಗುಣಕ 207.98. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರಿಂದ ತಿಂಗಳಿಗೆ 15,000 ರೂಪಾಯಿ. ಆ ವಯಸ್ಸಿನವರು ಸತ್ತರೆ ಕುಟುಂಬಕ್ಕೆ 15,59,850 ರೂಪಾಯಿ, ಪೂರ್ಣ ಅಂಗವಿಕಲರಾದರೆ 18,71,820 ರೂಪಾಯಿ ಬರುತ್ತದೆ. 25,000 ದುಡಿಯುತ್ತಿದ್ದ ಗಾರೆ ಮೇಸ್ತ್ರಿಗೂ ಲೆಕ್ಕ ಹದಿನೈದಕ್ಕೇ ನಿಲ್ಲುತ್ತದೆ. ಋಣದ ಒಂದು ಪಾಲನ್ನು ಕಾನೂನೇ ಮನ್ನಾ ಮಾಡಿದೆ. ಬೆಲೆ ಇರುವ ವಸ್ತುವಿಗೆ ಬದಲಿ ಉಂಟು, ಘನತೆ ಇರುವುದಕ್ಕೆ ಬದಲಿಯಿಲ್ಲ ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ವಾದಿಸಿದ್ದ. ಬೆರಳಿಗೆ ಶೇಕಡಾವಾರು ಬರೆದಾಗ ಮನುಷ್ಯನ ದೇಹ ಯಾವ ಪಂಗಡಕ್ಕೆ ಸೇರಿತು ಎಂಬ ಕಸಿವಿಸಿ ಸಹಜ.

1975ರ ಸುಪ್ರೀಂ ಕೋರ್ಟ್ ತೀರ್ಪೊಂದು ಈ ಕಸಿವಿಸಿಗೆ ಒಂದು ದಾರಿ ತೋರಿಸಿತು. 1968ರಲ್ಲಿ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಬಿದ್ದು ಎಡಗೈ ಕಳೆದುಕೊಂಡಿದ್ದರು. ಹೋದದ್ದು ಒಂದೇ ಕೈ, ಆದ್ದರಿಂದ ಇದು ಭಾಗಶಃ ಅಂಗವೈಕಲ್ಯ ಎಂಬುದು ಮಾಲೀಕನ ವಾದ. ಒಂದೇ ಕೈಯಲ್ಲಿ ಬಡಗಿಯ ಕೆಲಸ ಸಾಧ್ಯವಿಲ್ಲ, ಆದ್ದರಿಂದ ಅವರ ಮಟ್ಟಿಗೆ ಇದು ಪೂರ್ಣ ಅಂಗವೈಕಲ್ಯವೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಅಳೆಯಬೇಕಾದದ್ದು ಅಂಗವನ್ನಲ್ಲ, ಆ ಮನುಷ್ಯನ ಕಾಯಕವನ್ನು. ಹಣ ಕೊಡುವ ಹೊಣೆ ಹುಟ್ಟುವುದು ತೀರ್ಪಿನ ದಿನವಲ್ಲ, ಅಪಘಾತದ ದಿನ ಎಂದೂ ಅದೇ ತೀರ್ಪು ಹೇಳಿತು. ಅಧಿನಿಯಮದಂತೆ ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಶೇ 50ರವರೆಗೆ ದಂಡ ಬೀಳುತ್ತದೆ.

ಋಣಿ ಯಾರು ಎಂಬುದು ಸೈಟಿನಲ್ಲಿ ಸುಲಭವಾಗಿ ತಿಳಿಯುವುದಿಲ್ಲ. ಬಿಲ್ಡರ್, ಗುತ್ತಿಗೆದಾರ, ಸಬ್ ಕಂಟ್ರಾಕ್ಟರ್, ಮೇಸ್ತ್ರಿ ಎಂದು ಸರಪಳಿ ಇಳಿಯುತ್ತ ಹೋಗುತ್ತದೆ. ಅಪಘಾತವಾದ ಮರುದಿನ ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಅಧಿನಿಯಮದ 12ನೆಯ ಕಲಮು ಇದಕ್ಕಾಗಿಯೇ ಬಂದದ್ದು. ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆ ಕೊಟ್ಟವನೂ ನೇರವಾಗಿ ಹೊಣೆ. ಕೊಟ್ಟ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವನ ಪಾಡು. ತನ್ನ ವಾಸಕ್ಕೆ ಮನೆ ಕಟ್ಟಿಸುವವನನ್ನು ಈ ಕಲಮಿನಡಿ ತರುವುದು ಕಷ್ಟ, ಇದೊಂದು ಗಂಭೀರ ಕೊರತೆ. ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಕಾರ್ಮಿಕನಿಂದ ಬರೆಸಿಕೊಂಡ ಕಾಗದ 17ನೆಯ ಕಲಮಿನ ಪ್ರಕಾರ ಅಸಿಂಧು. ಸಾವಿನ ಪರಿಹಾರವನ್ನು ಈ ಕಾನೂನಿನಡಿ ಪರಿಹಾರ ತೀರ್ಮಾನಿಸುವ ಆಯುಕ್ತರಲ್ಲಿ ಠೇವಣಿ ಇಡಬೇಕು. ಶವಾಗಾರದ ಮುಂದೆ ಕುಟುಂಬದ ಕೈಗಿಟ್ಟ ಕಟ್ಟು ಕಾನೂನಿನ ಲೆಕ್ಕದಲ್ಲಿ ಸಂದಾಯವಲ್ಲ.

ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟವರಿಗೆ ದಾರಿ ಬೇರೆ. 2015ರ ಆಗಸ್ಟಿನಿಂದ ಆ ಯೋಜನೆ ನಿರ್ಮಾಣ ಕಾರ್ಮಿಕರಿಗೂ ವಿಸ್ತರಿಸಿದೆ. ಅದರಲ್ಲಿ ಚಿಕಿತ್ಸೆಯ ಜೊತೆಗೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ಕೂಲಿಯ ಶೇ 90ರಷ್ಟು, ಶಾಶ್ವತ ವೈಕಲ್ಯಕ್ಕೆ ಮಾಸಿಕ ಮೊತ್ತ ಸಿಗುತ್ತದೆ. ಅದನ್ನು ಪಡೆಯುವವರು ಅದೇ ಗಾಯಕ್ಕೆ ಮಾಲೀಕನಿಂದ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲ. ಇವೆರಡರ ಜೊತೆ, 1996ರ ಕಾನೂನುಗಳು ತಂದ ವ್ಯವಸ್ಥೆಯಂತೆ ಕಟ್ಟಡದ ವೆಚ್ಚದ ಮೇಲೆ ಶೇ 1 ಸೆಸ್ ಸಂಗ್ರಹಿಸಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೆರವು ಕೊಡುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ನೋಂದಾಯಿಸಿಕೊಳ್ಳಬಹುದು. ಈ ಸೆಸ್‌ನಲ್ಲಿ ಒಬ್ಬ ಮಾಲೀಕನ ಋಣ ಕಟ್ಟಿಸುವವರೆಲ್ಲರ ಋಣವಾಗುತ್ತದೆ. ಸಂಗ್ರಹವಾದ ದೊಡ್ಡ ಮೊತ್ತ ಕಾರ್ಮಿಕರಿಗೆ ಮುಟ್ಟದೆ ಉಳಿದದ್ದಕ್ಕಾಗಿ 2018ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು.

ತಪ್ಪಿನ ಪ್ರಶ್ನೆ ಪೂರ್ತಿ ಮಾಯವಾಗಿಲ್ಲ. ಅದು ದಂಡದ ಕಡೆಗೆ ಸರಿದಿದೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ. ಪರಿಹಾರ ಕೊಟ್ಟ ಮಾತ್ರಕ್ಕೆ ಆ ಮೊಕದ್ದಮೆ ಮುಗಿಯುವುದಿಲ್ಲ. ಋಣ ತೀರಿಸುವುದು ಒಂದು, ಮಾಡಿದ ಅಪರಾಧಕ್ಕೆ ಉತ್ತರ ಕೊಡುವುದು ಇನ್ನೊಂದು. ನಿರ್ಲಕ್ಷ್ಯ ತೋರಿಸಿ ಹೆಚ್ಚಿನ ಪರಿಹಾರ ಕೇಳಲು ಸಿವಿಲ್ ದಾವೆಯ ದಾರಿಯೂ ಇದೆ. ಆದರೆ ಅಲ್ಲಿಗೆ ಹೋದವರು ಅದೇ ಗಾಯಕ್ಕೆ ಆಯುಕ್ತರ ಮುಂದೆ ಹೋಗುವಂತಿಲ್ಲ, ಅಲ್ಲಿ ಮಾಲೀಕನ ತಪ್ಪನ್ನು ರುಜುವಾತು ಮಾಡುವ ಭಾರವೂ ಕಾರ್ಮಿಕನದೇ. ಬಡವರಿಗೆ ಆಯುಕ್ತರ ದಾರಿಯೇ ಲೇಸು.

ಆಯುಕ್ತರ ಮುಂದಿನ ಅರ್ಜಿಗೆ ಅವಧಿ ಎರಡು ವರ್ಷ. ತಡಕ್ಕೆ ಸಕಾರಣ ತೋರಿಸಿದರೆ ಮನ್ನಿಸಲಾಗುತ್ತದೆ. ಅಪಘಾತ ನಡೆದ ಊರಿನಲ್ಲಷ್ಟೇ ಅಲ್ಲ, ಅರ್ಜಿದಾರರು ವಾಸವಿರುವ ಕಡೆಯೂ ಸಲ್ಲಿಸಬಹುದು. ಮುಂಬೈನಲ್ಲಿ ಸತ್ತ ಯಾದಗಿರಿಯ ಕಾರ್ಮಿಕನ ಹೆಂಡತಿ ಯಾದಗಿರಿಯಲ್ಲೇ, ಬೆಂಗಳೂರಿನಲ್ಲಿ ಸತ್ತ ಬಿಹಾರದವನ ತಾಯಿ ಬಿಹಾರದಲ್ಲೇ ಕೇಳಬಹುದು. ಲಿಖಿತ ಕರಾರು ಇರಲೇಬೇಕೆಂದಿಲ್ಲ. ಹಾಜರಿ ಪುಸ್ತಕದ ಒಂದು ಹಾಳೆ, ಆಸ್ಪತ್ರೆಯ ದಾಖಲೆ, ಪೊಲೀಸರ ಪ್ರಥಮ ವರ್ತಮಾನ ವರದಿ, ಜೊತೆಗೆಲಸದವರ ಸಾಕ್ಷ್ಯದಿಂದ ಕೆಲಸದ ನಂಟು ಸಾಬೀತಾಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ವರಮಾನದ ಮಿತಿಯಿಲ್ಲದೆ, ಇತರ ಬಡವರಿಗೆ ವರಮಾನದ ಮಿತಿಯೊಳಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಹಳೆಯ ಕಾನೂನುಗಳ ಚೌಕಟ್ಟನ್ನು ತನ್ನೊಳಗೆ ಸೇರಿಸಿಕೊಂಡಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಮರಳುವಾಗ ಆದ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ನಂಟು ಕಂಡುಬಂದರೆ, ಅದು ಕೆಲಸದ ಅಪಘಾತವೆಂದೇ ಎಣಿಸುತ್ತದೆ.