ಹಿಮದ ಬಿಳುಪು, ಮುಖದ ಬಿಳುಪು

ನಮ್ಮ ಕಲಬುರಗಿಯಲ್ಲಿ ಹಿಮವನ್ನು ಕಣ್ಣಾರೆ ಕಂಡವರು ಅಪರೂಪ. ಬೇಸಿಗೆಯಲ್ಲಿ ಪಾದರಸ 42 ಡಿಗ್ರಿ ದಾಟುವ ಊರು ಇದು. ನಮ್ಮ ಪಾಲಿಗೆ ಹಿಮವೆಂದರೆ ಕ್ಯಾಲೆಂಡರಿನ ಕೈಲಾಸ, ಹಿಂದಿ ಸಿನಿಮಾದ ಕಾಶ್ಮೀರ, ಹಳೆಯ ಸ್ಟುಡಿಯೋಗಳ ಪರದೆಯ ಮೇಲೆ ಬರೆದಿರುತ್ತಿದ್ದ ಬಿಳಿ ಬೆಟ್ಟ. ಹಿಮ ನಮಗೆ ಗೊತ್ತಿರುವುದೆಲ್ಲ ಚಿತ್ರದಿಂದಲೇ. ಕಣ್ಣಿನಿಂದ ಕಂಡವರು ಚಿತ್ರವನ್ನು ಕಂಡದ್ದರ ಜೊತೆ ಹೋಲಿಸಿ ನೋಡಬಹುದು. ಚಿತ್ರವೊಂದನ್ನೇ ನಂಬಿದವರು ಏನು ಮಾಡಬೇಕು? ಚಿತ್ರ ಎಷ್ಟರ ಮಟ್ಟಿಗೆ ನಿಜ ಹೇಳಬೇಕು ಎಂಬ ಪ್ರಶ್ನೆ ನಮ್ಮಂಥವರಿಗೇ ಹೆಚ್ಚು ಬೇಕಾದದ್ದು.

ಮೊದಲು ಹಿಮದ ಬಿಳುಪಿನ ಗುಟ್ಟು ನೋಡೋಣ. ಕಲ್ಲುಸಕ್ಕರೆಯ ದೊಡ್ಡ ಹರಳು ಗಾಜಿನಂತೆ ಪಾರದರ್ಶಕ. ಅದನ್ನೇ ಕುಟ್ಟಿ ಪುಡಿಮಾಡಿ, ಅಚ್ಚ ಬಿಳಿಯಾಗುತ್ತದೆ. ಹಿಮವೂ ಹಾಗೆಯೇ. ಒಂದೊಂದು ಹರಳಿಗೂ ಬಣ್ಣವಿಲ್ಲ. ಲಕ್ಷಾಂತರ ಹರಳುಗಳ ನಡುವೆ ಬೆಳಕು ಚದುರಿ ಎಲ್ಲ ಬಣ್ಣಗಳೂ ಒಟ್ಟಿಗೆ ಹಿಂದಿರುಗುವುದರಿಂದ ಬಿಳಿಯಾಗಿ ಕಾಣುತ್ತದೆ. ನೆರಳು ಬಿದ್ದ ಕಡೆ ಆಕಾಶದ ಬೆಳಕು ಮಾತ್ರ ಸಿಗುವುದರಿಂದ ನೀಲಿಯಾಗುತ್ತದೆ.

ಇಂಥ ಹಿಮವನ್ನು ಏನೂ ತಿದ್ದದೆ, ಇದ್ದದ್ದನ್ನು ಇದ್ದ ಹಾಗೆ ತೆಗೆಯುತ್ತೇನೆ ಎಂದು ಹೊರಟವರಿಗೆ ಒಂದು ಸೋಜಿಗ ಕಾದಿರುತ್ತದೆ. ಚಿತ್ರದಲ್ಲಿ ಹಿಮ ಬೂದಿಯ ಬಣ್ಣಕ್ಕೆ ಬಂದಿರುತ್ತದೆ! ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಸಾಧನ ಎದುರಿಗಿರುವುದೆಲ್ಲ ನಡುಮಟ್ಟದ ಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಅದರ ಕಣ್ಣಿಗೆ ಹಿಮ ಅತಿಯಾಯಿತು, ತಗ್ಗಿಸುತ್ತದೆ. ಚೌಕಟ್ಟು ತುಂಬ ಕರಿಯ ಎಮ್ಮೆಯನ್ನು ನಿಲ್ಲಿಸಿದರೆ ಕಡಿಮೆಯಾಯಿತು, ಏರಿಸುತ್ತದೆ. ಹಿಮವೂ ಬೂದು, ಎಮ್ಮೆಯೂ ಬೂದು. ಬಲ್ಲವರು ಹಿಮಕ್ಕೆ ಬೆಳಕನ್ನು ಒಂದೆರಡು ಹಂತ ಹೆಚ್ಚಿಗೆ ಕೊಟ್ಟು, ಎಮ್ಮೆಗೆ ಕಡಿಮೆ ಕೊಟ್ಟು ತೆಗೆಯುತ್ತಾರೆ. ಎಲ್ಲ ತಿದ್ದುವಿಕೆಯೂ ಸುಳ್ಳಲ್ಲ. ಕೆಲವೊಮ್ಮೆ ತಿದ್ದದಿರುವುದೇ ಸುಳ್ಳು.

ಇನ್ನು ಬಣ್ಣದ ಗಾಜುಗಳ ವಿಷಯ. ಕ್ಯಾಮೆರಾದ ಮುಂದೆ ಹಾಕುವ ಇವಕ್ಕೆ ಫಿಲ್ಟರ್ ಎನ್ನುತ್ತಾರೆ. ತರಗತಿಯಲ್ಲಿ ಇದನ್ನು ತೋರಿಸಲು ನಾನು ಕಮಲಾಪುರದ ಕೆಂಪು ಬಾಳೆಹಣ್ಣು, ಒಂದು ಹಳದಿ ಬಾಳೆಹಣ್ಣು, ಒಂದು ನೀಲಿ ವಸ್ತ್ರ ಮೇಜಿನ ಮೇಲಿಟ್ಟು, ಮಕ್ಕಳ ಕೈಗೆ ಕೆಂಪು ಜಿಲೆಟಿನ್ ಕಾಗದ ಕೊಡುತ್ತೇನೆ. ಕಾಗದದ ಮೂಲಕ ನೋಡಿದರೆ ಎರಡು ಹಣ್ಣುಗಳ ಭೇದ ಬಹುಮಟ್ಟಿಗೆ ಅಳಿದುಹೋಗುತ್ತದೆ. ನೀಲಿ ವಸ್ತ್ರ ಕಪ್ಪಾಗುತ್ತದೆ. ಕೆಂಪು ಗಾಜು ಕೆಂಪನ್ನು ಬಿಟ್ಟುಕೊಡುತ್ತದೆ, ನೀಲಿಯನ್ನು ತಡೆಯುತ್ತದೆ. ಅದು ಹೊಸದಾಗಿ ಏನನ್ನೂ ಸೇರಿಸುವುದಿಲ್ಲ, ಕೆಲವನ್ನು ಬಿಡುತ್ತದೆ. ನಾವು ಮಾತಾಡುವಾಗಲೂ ಮಾಡುವುದು ಅದನ್ನೇ ಅಲ್ಲವೇ?

ಅಮೆರಿಕದ ಆನ್ಸೆಲ್ ಆಡಮ್ಸ್ ಎಂಬ ಛಾಯಾಗ್ರಾಹಕರು 1927ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಹೋಗಿ, ಹಾಫ್ ಡೋಮ್ ಎಂಬ ಮಹಾಬಂಡೆಯ ಎದುರು ನಿಂತರು. ಇನ್ನೂ ಹಿಮ ಕರಗಿರಲಿಲ್ಲ. ಅವರ ಬಳಿ ಉಳಿದಿದ್ದವು ಎರಡೇ ಗಾಜಿನ ಫಲಕಗಳು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತಾವು ಅನುಭವಿಸಿದ ಗಾಂಭೀರ್ಯ ಅದರಲ್ಲಿ ಮೂಡಲಾರದು ಎನ್ನಿಸಿ, ಕೊನೆಯದನ್ನು ಗಾಢ ಕೆಂಪು ಫಿಲ್ಟರ್ ಹಾಕಿ ತೆಗೆದರು. ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು, ಹಿಮ ಮಿಂಚಿತು, ಬಂಡೆ ಎದ್ದು ನಿಂತಿತು. ಆ ಮಧ್ಯಾಹ್ನ ಆಕಾಶ ಕಪ್ಪಾಗಿತ್ತೇ? ಇಲ್ಲ. ಆದರೆ ಆಡಮ್ಸ್ ಇದನ್ನು ಮುಚ್ಚಿಡಲಿಲ್ಲ. ಯಾವ ಗಾಜು ಹಾಕಿದೆ, ಏಕೆ ಹಾಕಿದೆ ಎಂದು ಬರೆದರು. ಗುಟ್ಟು ತಿಳಿದ ಮೇಲೂ ಆ ಚಿತ್ರದ ಬೆಲೆ ಕೂದಲೆಳೆಯಷ್ಟೂ ಇಳಿಯಲಿಲ್ಲ.

ನಮ್ಮೂರಿನಲ್ಲೇ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಬರೆದ ದೇವತೆಗಳು ಕ್ಯಾಲೆಂಡರುಗಳ ಮೂಲಕ ಎಷ್ಟೋ ಮನೆಗಳ ಗೋಡೆ ಸೇರಿದವು. ಅವುಗಳಲ್ಲಿ ಮೈಗೆ ರಕ್ತಮಾಂಸದ ಹೊಳಪಿದೆ. ಶಿವ ಹೀಗೇ ಇದ್ದನೇ ಎಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಅದು ಚಿತ್ರವೆಂದು ಬರೆದವರಿಗೂ ಗೊತ್ತು, ಕೈಮುಗಿಯುವವರಿಗೂ ಗೊತ್ತು. ಇಬ್ಬರಿಗೂ ಗೊತ್ತಿದ್ದಾಗ ಮೋಸಕ್ಕೆ ಜಾಗವಿಲ್ಲ. ಒಬ್ಬರಿಗೆ ಮಾತ್ರ ಗೊತ್ತಿದ್ದು, ಇನ್ನೊಬ್ಬರು ಅದನ್ನೇ ನಂಬಿ ನಿರ್ಧಾರ ಮಾಡುವಾಗ ತೊಡಕು ಶುರುವಾಗುತ್ತದೆ.

ಕಮಲಾಪುರದ ನನ್ನ ಪರಿಚಿತರೊಬ್ಬರ ಹಿರಿಯ ಮಗಳು ಮದುವೆಯಾಗಿ ಕೆನಡಾದ ಎಡ್ಮಂಟನ್‌ನಲ್ಲಿದ್ದಾಳೆ. ಅವಳಿಗೆ ಫೋಟೋ ತೆಗೆಯುವ ಹವ್ಯಾಸ. ಸೋವಿಯತ್ ಕಾಲದ ಹಳೆಯ ಹೀಲಿಯೋಸ್ ಲೆನ್ಸೊಂದನ್ನು ಕೊಂಡು ಹೊಸ ಕ್ಯಾಮೆರಾಕ್ಕೆ ಜೋಡಿಸಿದ್ದಾಳೆ. ಇಂಥ ಹಳೆಯ ಲೆನ್ಸುಗಳಿಗೆ ಈಗಿನವುಗಳಷ್ಟು ಪ್ರತಿಫಲನ ತಡೆಯುವ ಲೇಪವಿಲ್ಲ. ಸೂರ್ಯನಿಗೆ ಎದುರಾದರೆ ಬೆಳಕು ಒಳಗೇ ಅಡ್ಡಾಡಿ ಚಿತ್ರಕ್ಕೆ ತೆಳುವಾದ ಮುಸುಕು ಕವಿಯುತ್ತದೆ; ಹಿನ್ನೆಲೆಯ ಮರಗಳು ಸುಳಿಯಂತೆ ತಿರುಗುತ್ತವೆ. ಅದರ ಮೇಲೆ ಬೆಚ್ಚನೆಯ ಬಣ್ಣದ ಫಿಲ್ಟರ್ ಬೇರೆ. ಅವಳು ಕಳಿಸಿದ ಹಿಮದ ಮೇಲೆ ತುಪ್ಪ ಸವರಿದಂಥ ಹೊಂಬಣ್ಣವಿತ್ತು.

“ನೋಡ್ರೀ ಟೀಚರ್, ನನ ಮಗಳು ಸ್ವರ್ಗದಾಗ ಅದಾಳ. ಸಣ್ಣಾಕಿಗೂ ಅಲ್ಲೇ ಒಂದು ವರ ನೋಡಬೇಕಂತೀನಿ” ಎಂದರು ತಾಯಿ.

ಚಿತ್ರ ಸುಂದರವಾಗಿತ್ತು, ಹೊಗಳಿದೆ. ಆದರೆ ಎರಡನೆಯ ಮಾತು ಕೇಳಿ ಮನಸ್ಸು ತಡೆಯಿತು. “ಫೋಟೋ ಬ್ಯಾಡ, ಫೋನಿನಾಗ ಒಂದು ಮಾತು ಕೇಳ್ರಿ. ಜನವರಿಯಾಗ ಹಾಲು ತರಾಕ ಹೊರಗ ಹೋಗಬೇಕಾದ್ರ ಏನೇನು ಹಾಕ್ಕೊಂಡು ಹೋಗ್ತೀ ಅಂತ ಕೇಳ್ರಿ” ಎಂದೆ. ಕೇಳಿದರಂತೆ. ಮೂರು ಪದರ ಬಟ್ಟೆ, ರೆಪ್ಪೆಯ ಮೇಲೆ ಕಟ್ಟುವ ಹಿಮ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಕ್ಕೇ ಮುಳುಗುವ ಸೂರ್ಯ, ಗಂಡ ಕೆಲಸದಿಂದ ಬರುವ ತನಕ ಮಾತಾಡಲು ಯಾರೂ ಇಲ್ಲದ ಹಗಲು – ಎಲ್ಲವನ್ನೂ ಆ ಹುಡುಗಿ ಒಂದೇ ಉಸಿರಿಗೆ ಹೇಳಿದಳಂತೆ. ಯಾರಾದರೂ ಕೇಳಲೆಂದೇ ಕಾದಿದ್ದಳೋ ಏನೋ.

ಅವಳು ಮೋಸ ಮಾಡಿದಳೆಂದು ನಾನು ಹೇಳಲಾರೆ. ತಾಯಿ ನಿಶ್ಚಿಂತೆಯಿಂದ ಮಲಗಲಿ ಎಂದು ಹೊಂಬಣ್ಣ ಕಳಿಸಿದ್ದಳು. ತವರಿಗೆ ಬರೆಯುವ ಪತ್ರದಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ನಾವೂ ಎಷ್ಟು ಬಾರಿ ಬರೆದಿಲ್ಲ! ಆದರೆ ಆ ಕ್ಷೇಮದ ಆಧಾರದ ಮೇಲೆ ತಂಗಿಯ ಬಾಳು ನಿಶ್ಚಯವಾಗುವುದಾದರೆ, ಕ್ಷೇಮದ ಹಿಂದಿನ ಚಳಿಯನ್ನೂ ಹೇಳಬೇಕಾಗುತ್ತದೆ. ಈಗ ತಾಯಿಗೆ ಎಲ್ಲ ಗೊತ್ತು. ಚಿಕ್ಕವಳನ್ನೇ ಕೂರಿಸಿಕೊಂಡು ಕೇಳುತ್ತೇವೆ ಎಂದಿದ್ದಾರೆ. ಫೋಟೋ ಮಾತ್ರ ಗೋಡೆಯ ಮೇಲೆ ಹಾಗೇ ಇದೆ. ನಿಜ ಹೇಳಿದ ಮೇಲೂ ಅದು ಚೆಂದವೇ.

ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನೂ ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು ಕಪ್ಪು ಮೈಬಣ್ಣ, ಲಕ್ಷಣವಾದ ಮುಖ. ವರನ ಕಡೆಗೆ ಕಳಿಸುವ ಫೋಟೋದಲ್ಲಿ ಅವಳನ್ನು ಹಾಲಿನಷ್ಟು ಬೆಳ್ಳಗೆ ಮಾಡಿದ್ದರು. ನೋಡಲು ಬಂದ ಹೆಂಗಸರು ಅವಳು ಸೂಸಲದ ತಟ್ಟೆ ಹಿಡಿದು ಬಂದಾಗ ಫೋಟೋ ಒಮ್ಮೆ, ಮುಖ ಒಮ್ಮೆ ನೋಡಿದರು. ಆಮೇಲೆ ಹುಡುಗಿ ನನಗೆ ಹೇಳಿದಳು: “ಟೀಚರ್, ಅವರು ನನ್ನ ನೋಡ್ಲಾಕ ಬಂದಿರಲಿಲ್ರೀ, ಫೋಟೋದಾಗಿದ್ದಾಕಿನ್ನ ನೋಡ್ಲಾಕ ಬಂದಿದ್ರು.”

ಇಲ್ಲಿ ಮೋಸಹೋದವರು ಬಂದವರಷ್ಟೇ ಅಲ್ಲ. ನಿನ್ನ ಮುಖ ಸಾಲದು ಎಂದು ಆ ಫೋಟೋ ಮೊದಲು ಹೇಳಿದ್ದು ಅವಳಿಗೇ. ಕಪ್ಪು ಮುಖಕ್ಕೆ ನ್ಯಾಯ ಸಿಗಬೇಕಾದರೆ ತಿದ್ದುವಿಕೆ ಬೇಕಿಲ್ಲವೆಂದಲ್ಲ. ಕೊಡಕ್ ಕಂಪನಿ ಬಣ್ಣ ಹೊಂದಿಸುವುದಕ್ಕೆ ಬಹುಕಾಲ ಬಿಳಿಯ ಹೆಂಗಸೊಬ್ಬಳ ಚಿತ್ರವನ್ನೇ ಅಳತೆಗೋಲಾಗಿ ಕಳಿಸುತ್ತಿತ್ತು; ‘ಶರ್ಲಿ ಕಾರ್ಡ್’ ಎಂದು ಅದಕ್ಕೆ ಹೆಸರು. ಆ ಅಳತೆಯಲ್ಲಿ ಕಪ್ಪು ಮುಖದ ಮೂಗು, ಕಣ್ಣು, ನಗು ಸರಿಯಾಗಿ ಮೂಡುತ್ತಿರಲಿಲ್ಲ. ಅವು ಮೂಡುವಂತೆ ಬೆಳಕು ಹೊಂದಿಸುವುದು, ಹಿಮಕ್ಕೆ ಅದರ ಬಿಳುಪು ಕೊಟ್ಟ ಹಾಗೆ, ಆ ಮುಖಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು. ಹಿಮದ ಬಿಳುಪನ್ನು ತಂದು ಮುಖಕ್ಕೆ ಬಳಿಯುವುದು ಬೇರೆ.

ಹಾಗಾದರೆ ಗೆರೆ ಎಳೆಯುವುದೆಲ್ಲಿ? ನಾನು ಒಂದು ಸರಳ ಅಳತೆ ಇಟ್ಟುಕೊಂಡಿದ್ದೇನೆ. ಈ ಚಿತ್ರವನ್ನು ಹೇಗೆ ತೆಗೆದೆ ಎಂದು ನೋಡುವವರ ಎದುರಿಗೇ ಹೇಳಬಹುದೇ? ಹೇಳಿದ ಮೇಲೂ ಅದು ನಿಲ್ಲುವುದಾದರೆ ಎಷ್ಟು ಬಣ್ಣದ ಗಾಜುಗಳಿದ್ದರೂ ಚಿಂತೆಯಿಲ್ಲ. ಹೇಳಿದೊಡನೆ ಕುಸಿಯುವುದಾದರೆ ಅದು ಎಷ್ಟೇ ಚೆಂದವಿದ್ದರೂ ಬೇಡ.

ಈಗಂತೂ ಬೆರಳು ಮುಟ್ಟಿಸಿದರೆ ಮೊಬೈಲೇ ಮುಖವನ್ನು ಬೆಳ್ಳಗೆ ಮಾಡುತ್ತದೆ. ಬೇಡವೆನ್ನಲು ಮಕ್ಕಳಿಗೆ ನಾವು ಕಲಿಸಬೇಕು. ಕಲಿಸುವ ಮೊದಲು, ಮಗಳಿಗೋ ಸೊಸೆಗೋ ವರ ಹುಡುಕುವ ಹೊತ್ತಿನಲ್ಲಿ ಯಾವ ಫೋಟೋ ಆರಿಸಿ ಲಕೋಟೆಗೆ ಹಾಕುತ್ತಿದ್ದೇವೆ ಎಂದು ನಮ್ಮ ಕೈಗಳನ್ನೇ ನೋಡಿಕೊಳ್ಳಬೇಕು.