ಪೇಂಟ್ ಕೆಳಗಿನ ಅರ್ತ್

ಮತ್ತಾಯನ ಸುವಾರ್ತೆ 5ನೇ ಅಧ್ಯಾಯ ತೆಗೆಯಿರಿ. 14ರಿಂದ 16ನೇ ವಚನಗಳಲ್ಲಿ ಯೇಸು ಸ್ವಾಮಿ ಬೆಳಕಿನ ವಿಷಯ ಮಾತಾಡ್ತಾರೆ. ಈ ಭಾಗ ನಿಮಗೆಲ್ಲ ಬಾಯಿಪಾಠ. ನನಗೂ ಬಾಯಿಪಾಠವೇ. ಆದರೆ ಅದು ನನ್ನನ್ನ ಚುಚ್ಚಿದ್ದು ಮಂಡ್ಯದ ಹತ್ತಿರ ನಮ್ಮೂರಲ್ಲಿ, ಟ್ರ್ಯಾಕ್ಟರ್ ಟ್ರೇಲರ್ ಕೆಳಗೆ ಮಲಗಿದ್ದಾಗ.

ನಮ್ಮನೆ ಗಾಡಿ ಅಂದ್ರೆ ಆ ಟ್ರ್ಯಾಕ್ಟರೇ. ಕಬ್ಬಿಗೂ ಅದೇ, ಮದುವೆ ಸಾಮಾನಿಗೂ ಅದೇ. ಕಬ್ಬಿನ ಸೀಸನ್‌ಗೆ ಮುಂಚೆ ಅಣ್ಣ ಟ್ರೇಲರ್‌ಗೆ ಹೊಸ ಪೇಂಟ್ ಹೊಡೆಸಿದ. ನೋಡೋಕೆ ಈಗಷ್ಟೇ ಶೋರೂಮಿಂದ ಬಂದ ಹಾಗಿತ್ತು. ಆದರೆ ಹಿಂದಿನ ದೀಪಗಳು ಆಟ ಆಡೋಕೆ ಶುರು ಮಾಡಿದವು. ಬ್ರೇಕ್ ಒತ್ತಿದರೆ ಟೇಲ್ ಲೈಟ್ ಮಂಕು. ಇಂಡಿಕೇಟರ್ ಹಾಕಿದರೆ ಎಲ್ಲ ದೀಪಗಳೂ ಒಟ್ಟಿಗೆ ಮಿಣಮಿಣ. ರಜೆಗೆ ಹೋಗಿದ್ದ ನಾನು ಎರಡು ಬಲ್ಬ್ ಬದಲಾಯಿಸಿ, "ಮಿಕ್ಕಿದ್ದು ಬೆಳಿಗ್ಗೆ ನೋಡಿದರಾಯ್ತು" ಅಂದೆ.

ಆ ರಾತ್ರಿ ಲೋಡ್ ತಗೊಂಡು ಹೋಗುವಾಗ ಹಿಂದಿನ ದೀಪ ಪೂರ್ತಿ ಹೋಯ್ತು. ಬೈಕಿನಲ್ಲಿ ಬರ್ತಿದ್ದ ಹುಡುಗ ಕಡೇ ಗಳಿಗೆಯಲ್ಲಿ ಟ್ರೇಲರ್ ಕಂಡು ಬ್ರೇಕ್ ಹಿಡಿದ. ಬೈಕ್ ಜಾರಿ ರಸ್ತೆ ಪಕ್ಕದ ಮಣ್ಣಿಗೆ ಬಿತ್ತು. ಮೊಣಕೈ ತರಚಿತು, ಅಷ್ಟರಲ್ಲೇ ಉಳಿದ. ದೇವರಿಗೆ ಸ್ತೋತ್ರ. ಅವನ ಹಿಂದೆ ಕೂತಿದ್ದ ತಾಯಿ ನಮ್ಮನ್ನ ನೋಡಿದ ನೋಟ ನಾನು ಇನ್ನೂ ಮರೆತಿಲ್ಲ.

ಮರುದಿನ ಬಂದ ಎಲೆಕ್ಟ್ರಿಷಿಯನ್ ಬಲ್ಬ್ ಮುಟ್ಟಲೇ ಇಲ್ಲ. ಮೊದಲು ಟ್ರ್ಯಾಕ್ಟರ್ ಹಿಂದಿನ ಸಾಕೆಟ್‌ಗೆ ಟೆಸ್ಟ್ ಲ್ಯಾಂಪ್ ಹಿಡಿದರು. ಟೇಲ್, ಬ್ರೇಕ್, ಎರಡೂ ಇಂಡಿಕೇಟರ್, ಎಲ್ಲ ಪಿನ್‌ಗೂ ಕರೆಂಟ್ ಬರ್ತಿದೆ. "ಒಂದು ದೀಪ ಕೆಟ್ಟರೆ ಬಲ್ಬ್ ನೋಡ್ಬೇಕು ಸಾರ್, ಎಲ್ಲಾ ಒಟ್ಟಿಗೆ ಕುಣಿದರೆ ಅರ್ತ್ ನೋಡ್ಬೇಕು" ಅಂದರು. ಬ್ಯಾಟರಿ ನೆಗೆಟಿವ್‌ನಿಂದ ಉದ್ದ ವೈರ್ ಎಳೆದು ಟ್ರೇಲರ್ ದೀಪದ ಅರ್ತ್‌ಗೆ ಮುಟ್ಟಿಸಿದ ಕೂಡಲೇ ದೀಪ ಸರಿಯಾಗಿ ಉರೀತು. ದೀಪದ ತನಕ ಕರೆಂಟ್ ಬಂದರೆ ಸಾಲದು, ಬ್ಯಾಟರಿಗೆ ವಾಪಸ್ ಹೋಗೋಕೂ ದಾರಿ ಬೇಕು. ಆ ಅರ್ತ್ ವೈರನ್ನ ಚಾಸಿಗೆ ಬೋಲ್ಟ್ ಮಾಡೋ ಜಾಗಕ್ಕೂ ಪೇಂಟ್ ಹೊಡೆದು, ಪೇಂಟ್ ಮೇಲೆಯೇ ಬಿಗಿದಿದ್ದರು!

ಎಮರಿ ಪೇಪರ್ ನನ್ನ ಕೈಯಲ್ಲಿ, ಟಾರ್ಚ್ ಅಣ್ಣನ ಕೈಯಲ್ಲಿ. ಕಬ್ಬಿಣ ಹೊಳೆಯೋ ತನಕ ತಿಕ್ಕಬೇಕು, ಬೋಲ್ಟ್ ಬಿಗಿಯಬೇಕು, ಮೇಲೆ ಗ್ರೀಸ್ ಸವರಬೇಕು. ತಿಕ್ಕುತ್ತಾ ತಿಕ್ಕುತ್ತಾ ಕರ್ತನು ನನ್ನೊಳಗೆ ಮಾತಾಡಿದನು. ಜಮೀನಿನ ವಿಷಯಕ್ಕೆ ಎರಡು ವರ್ಷದಿಂದ ಅಣ್ಣನ ಜೊತೆ ನನಗೆ ಬೇಕಾದಷ್ಟೇ ಮಾತು. ಇಲ್ಲಿ ಬಂದು ನಿಮ್ಮ ಮುಂದೆ ಕ್ಷಮೆ ಬಗ್ಗೆ ಪ್ರಸಂಗ! ಈಗ ಅದೇ ಅಧ್ಯಾಯದ 23, 24ನೇ ವಚನ ನೋಡಿ. ಬೆಳಕಿನ ಮಾತು ಮುಗಿದು ಏಳೇ ವಚನಕ್ಕೆ ಯೇಸು ಸ್ವಾಮಿ ಏನು ಹೇಳ್ತಾರೆ? ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಮಾಡಿಕೋ ಅಂತ.

ಟ್ರೇಲರ್ ಕೆಳಗಿಂದಲೇ, "ಅಣ್ಣಾ, ನಂದು ತಪ್ಪಾಯ್ತು" ಅಂದೆ. ಅವನು ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಕೈ ತೊಳ್ಕೊ, ಊಟಕ್ಕೆ ಬಾ" ಅಂದ.

ಪ್ರಿಯರೇ, ನಿಮ್ಮ ಪ್ರಾರ್ಥನೆ ಮಂಕಾದಾಗ ಏನು ಮಾಡ್ತೀರಿ? ಬೇರೆ ಚರ್ಚ್, ಬೇರೆ ಕೂಟ, ಹೊಸ ವರ್ಶಿಪ್ ಪ್ಲೇಲಿಸ್ಟ್. ಎಷ್ಟು ಬಲ್ಬ್ ಬದಲಾಯಿಸ್ತೀರಿ? ಪವಿತ್ರಾತ್ಮನ ಬಲಕ್ಕೆ ಕೊರತೆ ಇಲ್ಲ. ನಿಮ್ಮ ಪೇಂಟ್ ಕೆಳಗೆ ಯಾರ ಹೆಸರು ಮುಚ್ಚಿದೆ? ಅಪ್ಪನದಾ? ರೂಮ್‌ಮೇಟ್‌ದಾ? ಡ್ರೈವರ್‌ಗೆ ತನ್ನ ಟೇಲ್ ಲೈಟ್ ಕಾಣೋದಿಲ್ಲ. ಹಿಂದೆ ಬರೋ ತಮ್ಮನಿಗೆ, ತಂಗಿಗೆ, ಆಫೀಸಿನ ಗೆಳೆಯನಿಗೆ ಕಾಣೋದು ಅದೊಂದೇ.

ಪ್ರಾರ್ಥಿಸೋಣ. ಕರ್ತನೇ, ನಾವು ಪೇಂಟ್ ಬಳಿದಿರುವ ಜಾಗವನ್ನು ತೋರಿಸು. ತಿಕ್ಕುವಾಗ ನೋವಾದರೂ ತಡೆದುಕೊಳ್ಳುವ ಕೃಪೆ ಕೊಡು. ಈ ದಿನವೇ ಒಂದು ಫೋನ್ ಮಾಡುವ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.